ಢಾಕಾದ ಅಂಗಿ ನ್ಹಾವಾ ಶೇವಾ ಸುತ್ತಿ ಏಕೆ ಬರಬೇಕು?

ದಾದರಿನ ಅಂಗಡಿಯಲ್ಲೋ ಮುಲುಂದಿನ ಮಾಲ್‌ನಲ್ಲೋ ಒಂದು ಅಂಗಿ ಎತ್ತಿಕೊಂಡು ಕಾಲರಿನ ಒಳಪಟ್ಟಿ ತಿರುಗಿಸಿ ನೋಡಿ. ಹಲವು ಸಲ ಅಲ್ಲಿ ‘ಮೇಡ್ ಇನ್ ಬಾಂಗ್ಲಾದೇಶ್’ ಎಂದಿರುತ್ತದೆ. 2025ರ ಮೇ ತಿಂಗಳವರೆಗೆ ಆ ಅಂಗಿಯ ದಾರಿ ಸರಳವಾಗಿತ್ತು. ಢಾಕಾ ಸುತ್ತಲಿನ ಕಾರ್ಖಾನೆಯಲ್ಲಿ ಲಾರಿ ಹತ್ತಿ, ಬೆನಾಪೋಲ್–ಪೆಟ್ರಾಪೋಲ್ ಗಡಿ ದಾಟಿದರೆ ಪಶ್ಚಿಮ ಬಂಗಾಳ, ಅಲ್ಲಿಂದ ದೇಶದ ಯಾವ ಮೂಲೆಗಾದರೂ ಸರಿ. ಮೇ 17ರಂದು ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯ ಹೊರಡಿಸಿದ ಅಧಿಸೂಚನೆ ಈ ದಾರಿಗೆ ಅಡ್ಡಗಟ್ಟೆ ಹಾಕಿತು. ಬಾಂಗ್ಲಾದ ಸಿದ್ಧ ಉಡುಪು ಇನ್ನು ಯಾವ ಭೂಗಡಿಯಲ್ಲೂ ಒಳಗೆ ಬರಕೂಡದು, ಬರುವುದಿದ್ದರೆ ಎರಡೇ ಬಂದರು: ಕೋಲ್ಕತ್ತ ಮತ್ತು ಮುಂಬಯಿ ಪಕ್ಕದ ನಮ್ಮ ನ್ಹಾವಾ ಶೇವಾ.

ಜೂನ್ 27ರಂದು ಸೆಣಬಿನ ಸರದಿ ಬಂತು. ಅದಕ್ಕೆ ಕೋಲ್ಕತ್ತವೂ ಇಲ್ಲ, ನ್ಹಾವಾ ಶೇವಾ ಒಂದೇ. ಭಾರತದ ಸೆಣಬಿನ ಗಿರಣಿಗಳ ಬಹುಪಾಲು ಇರುವುದು ಹೂಗ್ಲಿ ದಂಡೆಯ ಮೇಲೆ, ಬಾಂಗ್ಲಾ ಗಡಿಯಿಂದ ಹೆಚ್ಚು ದೂರವಲ್ಲ. ಅಲ್ಲಿಗೆ ತಲುಪಬೇಕಾದ ಸರಕು ಬಂಗಾಳ ಕೊಲ್ಲಿಗಿಳಿದು, ಸಿಂಹಳ ಸುತ್ತಿ, ಅರಬ್ಬಿ ಸಮುದ್ರಕ್ಕೆ ಬಂದು, ಉರಣ ತಾಲ್ಲೂಕಿನ ಬಂದರಿನಲ್ಲಿ ಇಳಿಯಬೇಕು. ಪಕ್ಕದ ಹಿತ್ತಲಿಗೆ ಹೋಗಲು ಊರೆಲ್ಲ ಸುತ್ತಿ ಬಂದ ಹಾಗೆ.

ಘಾರಾಪುರಿ (ಎಲಿಫೆಂಟಾ) ಗುಹೆಗೆ ದೋಣಿಯಲ್ಲಿ ಹೋಗುವವರಿಗೆ ಆಚೆ ದಡದಲ್ಲಿ ಸಾಲಾಗಿ ನಿಂತ ಕ್ರೇನುಗಳು ಕಾಣುತ್ತವಲ್ಲ, ಅದೇ ಈ ಬಂದರು. ದೆಹಲಿ ಮತ್ತು ಢಾಕಾದ ನಡುವಿನ ಮನಸ್ತಾಪಕ್ಕೆ ಅದು ತೀರ್ಪಿನ ಕಟ್ಟೆಯಾಗಿದ್ದು ಹೇಗೆ? ಇದನ್ನು ಬರೀ ಆಮದು ನಿಯಮವೆಂದು ಓದಿದರೆ ತಲೆಬುಡ ತಿಳಿಯುವುದಿಲ್ಲ. ಎಪ್ಪತ್ತೈದು ವರ್ಷಗಳಿಂದ ಭಾರತ ತನ್ನ ಚಿಕ್ಕ ನೆರೆಯವರ ಜೊತೆ ವ್ಯವಹರಿಸಿದ ರೀತಿಯಲ್ಲಿ ಇದರ ಬೇರಿದೆ.

ಮೊದಲು ಎರಡು ತಿಂಗಳ ಕಥೆ

2024ರ ಆಗಸ್ಟ್ 5ರಂದು ಬಾಂಗ್ಲಾದ ಪ್ರಧಾನಿ ಶೇಖ್ ಹಸೀನಾ ಅಧಿಕಾರ ಕಳೆದುಕೊಂಡು ಢಾಕಾ ಬಿಟ್ಟು ಭಾರತಕ್ಕೆ ಬಂದರು. ಅವರನ್ನು ಒಪ್ಪಿಸಿ ಎಂದು ಮೊಹಮ್ಮದ್ ಯೂನುಸ್ ಅವರ ಮಧ್ಯಂತರ ಸರ್ಕಾರ ಕೇಳಿತು, ದೆಹಲಿ ಒಪ್ಪಿಸಲಿಲ್ಲ. 2025ರ ಮಾರ್ಚ್ ಕೊನೆಯಲ್ಲಿ ಯೂನುಸ್ ಚೀನಾಕ್ಕೆ ಹೋದರು. ಭಾರತದ ಈಶಾನ್ಯದ ಏಳು ರಾಜ್ಯಗಳಿಗೆ ಸಮುದ್ರವಿಲ್ಲ, ಆ ಭಾಗಕ್ಕೆಲ್ಲ ಸಮುದ್ರದ ಕಾವಲುಗಾರ ಬಾಂಗ್ಲಾದೇಶವೇ ಎಂಬ ಅರ್ಥದ ಮಾತಾಡಿದರು. ಬೀಜಿಂಗಿನಲ್ಲಿ ನಿಂತು ಆಡಿದ ಈ ಮಾತು ದೆಹಲಿಗೆ ನಾಟಿತು. ಸಿಲಿಗುರಿಯ ಬಳಿ ಈಶಾನ್ಯಕ್ಕೆ ಜೋಡಿಸುವ ನಮ್ಮ ನೆಲ ಇಪ್ಪತ್ತು–ಇಪ್ಪತ್ತೆರಡು ಕಿ.ಮೀ.ಗೆ ಕಿರಿದಾಗುತ್ತದೆ. ಆ ‘ಕೋಳಿ ಕತ್ತಿನ’ ಭಯ ಅಲ್ಲಿ ಹೊಸದಲ್ಲ.

ಏಪ್ರಿಲ್ 8ರಂದು ಭಾರತ 2020ರಲ್ಲಿ ಕೊಟ್ಟಿದ್ದ ಸೌಲಭ್ಯವೊಂದನ್ನು ಹಿಂತೆಗೆದುಕೊಂಡಿತು. ಬಾಂಗ್ಲಾದ ರಫ್ತು ಸರಕು ನಮ್ಮ ಭೂಗಡಿ ದಾಟಿ ನಮ್ಮ ವಿಮಾನ ನಿಲ್ದಾಣ, ಬಂದರುಗಳ ಮೂಲಕ ಮೂರನೇ ದೇಶಕ್ಕೆ ಹೋಗುವ ಅನುಕೂಲ ಅದು. ಅಧಿಕೃತ ಕಾರಣ, ನಿಲ್ದಾಣಗಳಲ್ಲಿ ದಟ್ಟಣೆ. ಕೆಲವೇ ದಿನಗಳಲ್ಲಿ ಢಾಕಾ ತನ್ನ ಭೂಗಡಿಗಳಲ್ಲಿ ಭಾರತದ ನೂಲು ಬರುವುದನ್ನು ನಿಲ್ಲಿಸಿತು. ಅದಕ್ಕೆ ಉತ್ತರವೇ ಮೇ 17. ಅಂದರೆ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಗೆ ಜವಾಬು, ಪ್ರತಿ ಜವಾಬೂ ಒಂದು ಗೇಟು ಮುಚ್ಚುವುದು.

ಗೇಟೇ ಏಕೆ?

ನಕಾಶೆ ನೋಡಿದರೆ ಉತ್ತರ ಸಿಗುತ್ತದೆ. ನೇಪಾಳ, ಭೂತಾನ್‌ಗಳಿಗೆ ಸಮುದ್ರವಿಲ್ಲ. ಬಾಂಗ್ಲಾದೇಶಕ್ಕಿದೆ, ಆದರೆ ಮೂರು ಕಡೆ ನಾವೇ, 4,096 ಕಿ.ಮೀ. ಗಡಿ. ಮೊದಲಿನ ಇಬ್ಬರಿಗೆ ಹೊರಜಗತ್ತಿಗೆ ಹೋಗುವ ಅಗ್ಗದ ದಾರಿ, ಬಾಂಗ್ಲಾಕ್ಕೆ ಭೂಮಿಯ ಮೇಲಿನ ದಾರಿ ನಮ್ಮ ಅಂಗಳದಲ್ಲಿದೆ. ಯುದ್ಧ ಬೇಡ, ಸೈನ್ಯ ಬೇಡ, ಬೀಗ ಹಾಕಿದರೆ ಸಾಕು ಎನ್ನುವ ಆಸೆ ದೊಡ್ಡ ದೇಶಕ್ಕೆ ಬರುವುದು ಸಹಜ.

ಬ್ರಿಟಿಷರು ಹಿಮಾಲಯದ ರಾಜ್ಯಗಳನ್ನು ಉತ್ತರದ ಶಕ್ತಿಗಳಿಗೆ ತಡೆಗೋಡೆಯಾಗಿ ಇಟ್ಟುಕೊಂಡಿದ್ದರು. ಸ್ವತಂತ್ರ ಭಾರತ ಅದೇ ಯೋಚನೆಯನ್ನು ಹೊಸ ಕಾಗದದ ಮೇಲೆ ಬರೆಯಿತು. 1949ರಲ್ಲಿ ಭೂತಾನ್ ಜೊತೆ ಒಪ್ಪಂದ: ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಬೇಕು. 2007ರಲ್ಲಿ ಆ ಸಾಲು ಬದಲಾಯಿತು. 1950ರಲ್ಲಿ ಸಿಕ್ಕಿಂ ಸಂರಕ್ಷಿತ ರಾಜ್ಯವಾಯಿತು, 1975ರಲ್ಲಿ ಭಾರತದಲ್ಲೇ ಸೇರಿತು. ನೆರೆಯವರು ಈ ಕೊನೆಯ ಸಂಗತಿಯನ್ನು ನಮಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

1950ರ ಜುಲೈ 31ರ ನೇಪಾಳ ಒಪ್ಪಂದ ಮುಂಬಯಿಯವರಿಗೆ ಹೆಸರಿನಿಂದ ಗೊತ್ತಿಲ್ಲದಿದ್ದರೂ ದಿನಾ ಎದುರಾಗುವಂಥದ್ದು. ಮಾಟುಂಗ, ಡೊಂಬಿವಲಿಯ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಕಾವಲಿಯ ಮುಂದೆ ನಿಂತ ಹುಡುಗ, ಬಿಲ್ಡಿಂಗಿನ ಗೇಟಿನಲ್ಲಿ ಕೂತ ವಾಚ್‌ಮನ್ ನೇಪಾಳದವರಾಗಿದ್ದರೆ, ವೀಸಾ ಇಲ್ಲದೆ ಇಲ್ಲಿ ದುಡಿಯುವ ಅವರ ಹಕ್ಕು ಆ ಒಪ್ಪಂದದ 7ನೇ ವಿಧಿಯಿಂದ ಬಂದದ್ದು. ಒಂದು ಕೈಯಲ್ಲಿ ಇಷ್ಟು ದೊಡ್ಡ ಬಾಗಿಲು ತೆರೆದಿಟ್ಟ ದೇಶ ಇನ್ನೊಂದು ಕೈಯಲ್ಲಿ ಆಯುಧ ಆಮದಿಗೆ ತನ್ನನ್ನು ಕೇಳಬೇಕೆಂದೂ ಇಟ್ಟುಕೊಂಡಿತು. ಕಾಠ್ಮಂಡುವಿನ ರಾಜಕೀಯದಲ್ಲಿ ಸದ್ದು ಮಾಡುವುದು ಎರಡನೆಯದು. ಒಪ್ಪಂದವನ್ನು ಪರಿಷ್ಕರಿಸಲು ಎರಡೂ ದೇಶಗಳ ಗಣ್ಯರ ತಂಡ 2018ರಲ್ಲಿ ವರದಿ ಮುಗಿಸಿತು. ದೆಹಲಿ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಅರ್ಧ ತುಂಬಿದ ಸಿಲಿಂಡರ್

ಗೇಟು ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ನೇಪಾಳದಷ್ಟು ಸ್ಪಷ್ಟ ಉದಾಹರಣೆ ಇಲ್ಲ.

1988ರಲ್ಲಿ ನೇಪಾಳ ಚೀನಾದಿಂದ ವಿಮಾನ ಹೊಡೆಯುವ ತೋಪು ತರಿಸಿತು. ರಾಜೀವ್ ಗಾಂಧಿ ಸರ್ಕಾರ ಕೆಂಗಣ್ಣು ಬಿಟ್ಟಿತು. 1989ರ ಮಾರ್ಚ್ 23ರಂದು ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತ ನವೀಕರಿಸಲಿಲ್ಲ, ಎರಡು ಗಡಿದ್ವಾರ ಬಿಟ್ಟು ಉಳಿದವನ್ನೆಲ್ಲ ಮುಚ್ಚಿತು. ಸೀಮೆಎಣ್ಣೆ ಇಲ್ಲದೆ ಜನ ಕಾಡು ಕಡಿದರು. ಅಸಮಾಧಾನ ಪಕ್ಷಗಳಿಗೆ ಜಾಗವಿಲ್ಲದ ರಾಜನ ‘ಪಂಚಾಯತ್’ ಆಡಳಿತದ ವಿರುದ್ಧ ತಿರುಗಿ, 1990ರಲ್ಲಿ ಆಂದೋಲನವಾಗಿ, ಬಹುಪಕ್ಷ ವ್ಯವಸ್ಥೆ ಬಂತು. ಹೊಸ ಸರ್ಕಾರದ ಜೊತೆ ಭಾರತ ರಾಜಿಯಾಯಿತು. ದೆಹಲಿಯ ಕಚೇರಿಗಳು ಇದರಿಂದ ಕಲಿತದ್ದು ಒಂದೇ: ಈ ಮದ್ದು ಕೆಲಸ ಮಾಡುತ್ತದೆ.

2015ರಲ್ಲಿ ಅದೇ ಮದ್ದು ತಿರುಗಿಬಿತ್ತು. ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತಿದ್ದರು. ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಜಾರಿಯಾಯಿತು. ಅದರಲ್ಲಿ ತಮಗೆ ಅನ್ಯಾಯವಾಗಿದೆ ಎಂದು ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ಮಧೇಶಿಗಳು ಗಡಿಯಲ್ಲಿ ಧರಣಿ ಕೂತರು. ಲಾರಿಗಳು ನಿಂತವು. ನಾವು ತಡೆದಿಲ್ಲ, ಆ ಕಡೆ ಗಲಾಟೆ ಇರುವುದರಿಂದ ಚಾಲಕರು ಹೋಗುತ್ತಿಲ್ಲ ಎಂದಿತು ಭಾರತ. ನೇಪಾಳದಲ್ಲಿ ಅದನ್ನು ನಂಬಿದವರು ಕಡಿಮೆ. ಐದು ತಿಂಗಳ ಹತ್ತಿರ ಇದು ನಡೆಯಿತು. ಕಾಠ್ಮಂಡುವಿನ ಮನೆಗಳಿಗೆ ಅಲ್ಲಿನ ತೈಲ ನಿಗಮ ಅರ್ಧ ತುಂಬಿದ ಗ್ಯಾಸ್ ಸಿಲಿಂಡರ್ ಹಂಚಿತು, ಹೋಟೆಲುಗಳು ಸೌದೆ ಒಲೆ ಹೂಡಿದವು. ಸಿಲಿಂಡರ್ ಬರುವುದು ಎರಡು ದಿನ ತಡವಾದರೆ ನಮ್ಮ ಡೊಂಬಿವಲಿಯ ಮನೆಗಳಲ್ಲಿ ಏನಾಗುತ್ತದೆಂದು ನೆನೆಸಿಕೊಂಡರೆ ಆ ಸಿಟ್ಟು ಅರ್ಥವಾದೀತು.

ಪರಿಣಾಮ? 2016ರ ಮಾರ್ಚ್‌ನಲ್ಲಿ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಬೀಜಿಂಗಿಗೆ ಹೋಗಿ ಚೀನಾದ ಬಂದರು ಬಳಸುವ ಒಪ್ಪಂದಕ್ಕೆ ಸಹಿ ಹಾಕಿದರು. ಆ ಬಂದರುಗಳು ಮೂರು ಸಾವಿರ ಕಿ.ಮೀ.ಗೂ ಆಚೆ, ನಡುವೆ ಹಿಮಾಲಯ. ನಡೆಯುವ ವ್ಯಾಪಾರ ನಾಮಕಾವಾಸ್ತೆ. ಆದರೆ ಎರಡನೇ ಬಾಗಿಲಿಂದ ಯಾರೂ ಓಡಾಡದಿದ್ದರೂ ಅದು ಇದೆ ಎಂಬುದೇ ಮಾತುಕತೆಯಲ್ಲಿ ತೂಕ ಕೊಡುತ್ತದೆ. ಭಾರತವನ್ನು ಎದುರಿಸಿದವರೆಂಬ ಹೆಸರಿನಲ್ಲಿ ಓಲಿ 2017ರ ಚುನಾವಣೆ ಗೆದ್ದರು. 2020ರಲ್ಲಿ, ಭಾರತ ತನ್ನದೆನ್ನುವ ಲಿಂಪಿಯಾಧುರಾ, ಕಾಲಾಪಾನಿ, ಲಿಪುಲೇಖ್ ಸೇರಿಸಿದ ನಕಾಶೆಗೆ ಅವರ ಸಂಸತ್ತು ಮುದ್ರೆ ಒತ್ತಿತು.

ಗೋವೆ ಕಲಿಸಿದ್ದನ್ನು ಮರೆತೆವೇ?

ಇಂಥ ಬೀಗದ ಹಳೆಯ ಪ್ರಯೋಗವೊಂದು ನಡೆದದ್ದು ಮುಂಬಯಿಯ ದಕ್ಷಿಣಕ್ಕೆ. ಗೋವೆ ಬಿಟ್ಟುಕೊಡಲು ಪೋರ್ಚುಗಲ್ ಒಪ್ಪದಿದ್ದಾಗ 1950ರ ದಶಕದ ನಡುವಿನಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹಾಕಿತು. 1955ರಲ್ಲಿ ಕ್ಯಾಸಲ್‌ರಾಕ್ ದಾಟಿ ಮುರ್ಮುಗೋವಿಗೆ ಹೋಗುತ್ತಿದ್ದ ರೈಲು ನಿಂತಿತು. ಗೋವೆ ಹಸಿವಿನಿಂದ ಶರಣಾಗುತ್ತದೆಂಬ ಎಣಿಕೆಯಿತ್ತು.

ಅದೇ 1955ರಲ್ಲಿ ಪೋರ್ಚುಗೀಸರು ದಾಬೋಲಿಂ ವಿಮಾನ ನಿಲ್ದಾಣ ಕಟ್ಟಿದರು. ಕರಾಚಿಗೆ ವಿಮಾನ ಹಾರತೊಡಗಿತು. ಕಬ್ಬಿಣದ ಅದಿರು ಜಪಾನಿಗೂ ಪಶ್ಚಿಮ ಜರ್ಮನಿಗೂ ಹೋಗಿ ಗಣಿ ಮಾಲೀಕರ ಕೈಯಲ್ಲಿ ಹಣ ಆಡಿತು. ಇವತ್ತು ಮುಂಬಯಿಯಿಂದ ರಜೆಗೆ ಹಾರುವವರಲ್ಲಿ ಅನೇಕರು ಇಳಿಯುವುದು ಆ ದಿಗ್ಬಂಧನ ಹುಟ್ಟಿಸಿದ ರನ್‌ವೇ ಮೇಲೆಯೇ. ಗೋವೆಯನ್ನು ಕೊನೆಗೆ 1961ರ ಡಿಸೆಂಬರ್‌ನಲ್ಲಿ ಬಿಡಿಸಿದ್ದು ಸೈನ್ಯ, ಬೀಗವಲ್ಲ.

ಈಗ 2025ಕ್ಕೆ ಬನ್ನಿ. ಏಪ್ರಿಲ್ 8ರಂದು ದೆಹಲಿ ವಿಮಾನ ನಿಲ್ದಾಣದ ದಾರಿ ಮುಚ್ಚಿತಲ್ಲ, ಏಪ್ರಿಲ್ 27ಕ್ಕೆ ಬಾಂಗ್ಲಾದ ಸಿಲ್ಹಟ್ ನಿಲ್ದಾಣದಿಂದ ಮೊದಲ ಸರಕು ವಿಮಾನ ಉಡುಪು ತುಂಬಿಕೊಂಡು ಸ್ಪೇನಿಗೆ ಹಾರಿತು. ದಾಬೋಲಿಂ ಕಥೆಯೇ, ಹತ್ತೊಂಬತ್ತು ದಿನಗಳಲ್ಲಿ.

ಸೈನ್ಯ ಕಳಿಸಿದ ಕಾಲ

ಬೀಗ ಸಾಲದೆಂದು ಅನಿಸಿದ ಕಾಲವೂ ಇತ್ತು. 1987ರ ಜೂನ್‌ನಲ್ಲಿ ಯುದ್ಧದಲ್ಲಿ ಸಿಲುಕಿದ್ದ ಜಾಫ್ನಾದ ತಮಿಳರಿಗೆ ಆಹಾರ ಹೊತ್ತ ಭಾರತದ ದೋಣಿಗಳನ್ನು ಲಂಕಾ ನೌಕಾಪಡೆ ವಾಪಸ್ ಕಳಿಸಿತು. ಮರುದಿನ, ಜೂನ್ 4ರಂದು, ಬೆಂಗಳೂರಿನಿಂದ ಎದ್ದ ವಾಯುಪಡೆಯ ಎಎನ್-32 ವಿಮಾನಗಳು ಮಿರಾಜ್ ಕಾವಲಿನಲ್ಲಿ ಹೋಗಿ ಜಾಫ್ನಾದ ಮೇಲೆ ಮೂಟೆ ಉದುರಿಸಿದವು. ಜುಲೈ 29ಕ್ಕೆ ಒಪ್ಪಂದ, ಹಿಂದೆಯೇ ಶಾಂತಿಪಾಲನಾ ಪಡೆ. ಭಾರತವೇ ಒಂದು ಕಾಲಕ್ಕೆ ತರಬೇತಿ ಕೊಟ್ಟ ಎಲ್‌ಟಿಟಿಇ ಜೊತೆ ನಮ್ಮ ಯೋಧರು ಹೊಡೆದಾಡಬೇಕಾಯಿತು. 1990ರ ಮಾರ್ಚ್‌ನಲ್ಲಿ ಮರಳುವ ಹೊತ್ತಿಗೆ ಸುಮಾರು 1,200 ಯೋಧರು ಸತ್ತಿದ್ದರು, ತಮಿಳರೂ ಸಿಂಹಳೀಯರೂ ಇಬ್ಬರೂ ಮುನಿದಿದ್ದರು. ಅದರ ಮುಂದಿನ ವರ್ಷ ರಾಜೀವ್ ಗಾಂಧಿ ಹತ್ಯೆ. 1988ರ ನವೆಂಬರ್‌ನಲ್ಲಿ ಮಾಲ್ದೀವ್ಸ್‌ನ ದಂಗೆ ಅಡಗಿಸಿದ್ದು ಇದಕ್ಕೆ ತದ್ವಿರುದ್ಧ. ಕರೆದಾಗ ಹೋದರು, ಕೆಲಸ ಮುಗಿಸಿದರು, ಹೆಚ್ಚಿನವರು ಬೇಗ ವಾಪಸಾದರು. ಕರೆದು ಹೋಗುವುದಕ್ಕೂ ನುಗ್ಗಿ ಹೋಗುವುದಕ್ಕೂ ಇಷ್ಟು ವ್ಯತ್ಯಾಸ.

ಗೌಡರ ಸಹಿ, ಗುಜ್ರಾಲರ ಸೂತ್ರ

ಈ ಪೆಟ್ಟುಗಳ ನಂತರ ಬಂದದ್ದು ಗುಜ್ರಾಲ್ ಸೂತ್ರ. 1996ರಲ್ಲಿ ವಿದೇಶಾಂಗ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಅದನ್ನು ಮುಂದಿಟ್ಟರು. ಅದರ ಮೊದಲ ಅಂಶ: ಬಾಂಗ್ಲಾದೇಶ, ಭೂತಾನ್, ಮಾಲ್ದೀವ್ಸ್, ನೇಪಾಳ, ಶ್ರೀಲಂಕಾಗಳಿಂದ ಭಾರತ ಸಮಸಮ ಪ್ರತಿಫಲ ಕೇಳುವುದಿಲ್ಲ, ಕೊಡಬಹುದಾದದ್ದನ್ನು ನಂಬಿಕೆಯಿಂದ ಕೊಡುತ್ತದೆ. ಪಾಕಿಸ್ತಾನದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಸಹಜವಾಗಿ.

ಸೂತ್ರಕ್ಕೆ ಗುಜ್ರಾಲರ ಹೆಸರು ಅಂಟಿತು, ಅದರ ದೊಡ್ಡ ಫಲಕ್ಕೆ ಸಹಿ ಹಾಕಿದ ಪ್ರಧಾನಿ ಎಚ್.ಡಿ. ದೇವೇಗೌಡ. ಕಾವೇರಿಯ ಕ್ಯೂಸೆಕ್ ಲೆಕ್ಕದಲ್ಲೇ ರಾಜಕೀಯ ಮಾಡಿದ ಹಾಸನದ ಮನುಷ್ಯ ಗಂಗೆಯ ಕ್ಯೂಸೆಕ್ ಹಂಚಿಕೆಗೆ ಸಹಿ ಹಾಕಿದರು ಎಂಬುದನ್ನು ಕನ್ನಡಿಗರೇ ಹೆಚ್ಚು ನೆನೆಯುವುದಿಲ್ಲ.

ಜಗಳ ಫರಕ್ಕಾ ಅಣೆಕಟ್ಟಿನದು. ಕೋಲ್ಕತ್ತ ಬಂದರಿನ ಹೂಳು ಕೊಚ್ಚಿಕೊಂಡು ಹೋಗಲೆಂದು ಗಂಗೆಯ ನೀರನ್ನು ಹೂಗ್ಲಿಗೆ ತಿರುಗಿಸುವ ಈ ಕಟ್ಟೆ 1975ರಲ್ಲಿ ಶುರುವಾಯಿತು. ಮರುವರ್ಷವೇ ಬಾಂಗ್ಲಾದ ಹಿರಿಯ ನಾಯಕ ಮೌಲಾನಾ ಭಾಸಾನಿ ಗಡಿಯತ್ತ ದೊಡ್ಡ ಪಾದಯಾತ್ರೆ ಮಾಡಿದರು, ಢಾಕಾ ವಿಶ್ವಸಂಸ್ಥೆಗೆ ಹೋಯಿತು. 1996ರ ಡಿಸೆಂಬರ್ 12ರಂದು ದೇವೇಗೌಡ ಮತ್ತು ಹಸೀನಾ 30 ವರ್ಷಗಳ ಒಪ್ಪಂದ ಮಾಡಿಕೊಂಡರು. ಜನವರಿ 1ರಿಂದ ಮೇ 31ರವರೆಗೆ ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಕಡಿಮೆ ಇದ್ದರೆ ಅರ್ಧರ್ಧ. 75,000ದವರೆಗೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ನಮಗೆ. ಅದಕ್ಕೂ ಹೆಚ್ಚಿದ್ದರೆ ನಮಗೆ 40,000, ಮಿಕ್ಕಿದ್ದೆಲ್ಲ ಅವರಿಗೆ. ಸಂಕಷ್ಟ ಸೂತ್ರವೇ ಇಲ್ಲದೆ ದಶಕಗಟ್ಟಲೆ ಕೋರ್ಟು ಹತ್ತಿದ ನಮಗೆ ಈ ಸ್ಪಷ್ಟತೆ ಕಂಡು ಹೊಟ್ಟೆಕಿಚ್ಚಾದರೂ ಆಶ್ಚರ್ಯವಿಲ್ಲ.

ಇದು ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು. ಅವರು ಜೊತೆಗಿದ್ದರು. 2011ರಲ್ಲಿ ಮನಮೋಹನ್ ಸಿಂಗ್ ತೀಸ್ತಾ ನದಿ ನೀರು ಹಂಚಿಕೆಯ ಒಪ್ಪಂದ ಹೊತ್ತು ಢಾಕಾಕ್ಕೆ ಹೊರಟಾಗ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಅದು ಅಲ್ಲೇ ಬಿತ್ತು. ಹಾಗಾಗಿ ನೆರೆಯವರು ‘ದೆಹಲಿ ಮಾತು ಕೊಟ್ಟು ತಪ್ಪಿತು’ ಎನ್ನುವಾಗ ಕೆಲವೊಮ್ಮೆ ತಪ್ಪಿದ್ದು ದೆಹಲಿಯಲ್ಲ, ನಮ್ಮ ಒಕ್ಕೂಟ ವ್ಯವಸ್ಥೆಯ ಇನ್ನೊಂದು ಕೊಂಡಿ.

ಬೀಗದ ಪರವಾಗಿ ಹೇಳುವುದೇನಿದೆ?

ಬಹಳಷ್ಟಿದೆ. ಕೊಟ್ಟರೆ ಸ್ನೇಹ ಬರುತ್ತದೆಂಬುದಕ್ಕೆ ಖಾತರಿಯಿಲ್ಲ. 2004ರ ಏಪ್ರಿಲ್ 1ರಂದು ಬಾಂಗ್ಲಾದ ಬಂದರು ಚಿತ್ತಗಾಂಗ್‌ನಲ್ಲಿ ಹತ್ತು ಲಾರಿ ಆಯುಧ ಸಿಕ್ಕಿತು, ಅಸ್ಸಾಂನ ಉಲ್ಫಾ ಉಗ್ರರಿಗೆ ಹೊರಟಿದ್ದ ಸರಕು. ಗಂಗೆ ಹಂಚಿಕೊಂಡ ಎಂಟು ವರ್ಷಕ್ಕೆ ಹೀಗೆ. ಉಲ್ಫಾ ನಾಯಕರು ನಮ್ಮ ಕೈ ಸೇರಿದ್ದು 2009ರಲ್ಲಿ ಹಸೀನಾ ಮತ್ತೆ ಬಂದ ಮೇಲೆ. ವ್ಯಾಪಾರದಲ್ಲೂ ದೂರಿದೆ. ಬಾಂಗ್ಲಾದ ಉಡುಪಿಗೆ ಭಾರತ 2011ರಲ್ಲೇ ಸುಂಕ ತೆಗೆದಿತ್ತು. ಚೀನಾದ ಬಟ್ಟೆ ಅಲ್ಲಿ ಹೊಲಿಗೆಯಾಗಿ ಇಲ್ಲಿಗೆ ಸುಂಕವಿಲ್ಲದೆ ನುಗ್ಗುತ್ತದೆ, ಪೀಣ್ಯದಿಂದ ತಿರುಪ್ಪೂರಿನವರೆಗೆ ನಮ್ಮ ಗಾರ್ಮೆಂಟ್ ಘಟಕಗಳಿಗೆ ಪೆಟ್ಟು ಎಂದು ಇಲ್ಲಿನ ತಯಾರಕರು ವರ್ಷಗಳಿಂದ ಹೇಳುತ್ತಿದ್ದರು. ನೂಲು ತಡೆದು ಜಗಳ ಬೆಳೆಸಿದ್ದು ಢಾಕಾವೇ ಅಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು.

ಆದರೆ ಈ ಬೀಗ ಯಾರನ್ನು ಎಷ್ಟು ಕಚ್ಚುತ್ತದೆ? ದೆಹಲಿಯ ವ್ಯಾಪಾರ ಅಧ್ಯಯನ ಸಂಸ್ಥೆ ಜಿಟಿಆರ್‌ಐಯ ಅಂದಾಜಿನಂತೆ ಮೇ ಆದೇಶ ತಟ್ಟಿದ ಆಮದು ಸುಮಾರು 77 ಕೋಟಿ ಡಾಲರಿನದು. ಢಾಕಾ ಜಗತ್ತಿಗೆ ಮಾರುವ ಉಡುಪು ವರ್ಷಕ್ಕೆ 4,000 ಕೋಟಿ ಡಾಲರಿನ ಆಸುಪಾಸು. ಒಟ್ಟು ವ್ಯಾಪಾರ ನೋಡಿದರೆ ಭಾರತ ಅವರಿಗೆ ಸುಮಾರು 1,100 ಕೋಟಿ ಡಾಲರಿನ ಸರಕು ಮಾರುತ್ತದೆ, ಕೊಳ್ಳುವುದು ಅದರ ಐದನೇ ಒಂದು ಪಾಲು. ಗೇಟುಗಳು ಪರಸ್ಪರ ಮುಚ್ಚುತ್ತ ಹೋದರೆ ಹೆಚ್ಚು ಕಳೆದುಕೊಳ್ಳಬಹುದಾದವರು ಹೆಚ್ಚು ಮಾರುವವರೇ.

ಹೋಲಿಕೆಗೆ ಮಾಲ್ದೀವ್ಸ್ ನೋಡಬಹುದು. 2023ರಲ್ಲಿ ‘ಇಂಡಿಯಾ ಔಟ್’ ಕೂಗಿನ ಮೇಲೆ ಮೊಹಮ್ಮದ್ ಮುಯಿಝು ಗೆದ್ದರು. ನಮ್ಮ ಜನ ಪ್ರವಾಸ ಬಹಿಷ್ಕಾರವೆಂದು ಮೊಬೈಲಿನಲ್ಲಿ ಕೂಗಾಡಿದರು. ಸರ್ಕಾರ ಮಾತ್ರ ಗೇಟು ಮುಚ್ಚಲಿಲ್ಲ. 2024ರ ಮೇ ಹೊತ್ತಿಗೆ ಸೈನಿಕರನ್ನು ವಾಪಸ್ ಕರೆಸಿ ತಂತ್ರಜ್ಞರನ್ನು ಕಳಿಸಿತು, ಅಕ್ಕಿ-ಮೊಟ್ಟೆ-ಈರುಳ್ಳಿಯ ಕೋಟಾ ನಿಲ್ಲಿಸಲಿಲ್ಲ, ಸಾಲದ ಗಡುವು ಮುಂದೂಡಿತು. ಅಕ್ಟೋಬರಿನಲ್ಲಿ ಅದೇ ಮುಯಿಝು ದೆಹಲಿಗೆ ಬಂದು, ಮುಂಬಯಿ, ಬೆಂಗಳೂರುಗಳಿಗೂ ಹೋಗಿಬಂದರು, 40 ಕೋಟಿ ಡಾಲರಿನ ಕರೆನ್ಸಿ ನೆರವು ಪಡೆದರು. 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯ ದಿನಕ್ಕೆ ಅತಿಥಿ ನರೇಂದ್ರ ಮೋದಿ. ಅವರ ಖಜಾನೆ ಬರಿದಾಗಿತ್ತು, ಬೇರೆ ದಾರಿಯಿರಲಿಲ್ಲ ಎಂಬುದೂ ನಿಜ. ಆದರೆ ಆ ಹೊತ್ತಿನಲ್ಲಿ ತಟ್ಟಲು ನಮ್ಮ ಬಾಗಿಲು ತೆರೆದಿತ್ತು.

ಬಾಂಗ್ಲಾದಲ್ಲಿ ಭಾರತ ಮಾಡಿದ ಹೆಚ್ಚು ದುಬಾರಿ ತಪ್ಪು ಬೀಗದ್ದಲ್ಲ, ಒಬ್ಬರ ಮೇಲೇ ಬಾಜಿ ಕಟ್ಟಿದ್ದು. ಹದಿನೈದು ವರ್ಷ ಹಸೀನಾ ಎಂದರೆ ಬಾಂಗ್ಲಾ ಎಂದು ನಡೆದುಕೊಂಡದ್ದರಿಂದ, ಅವರ ಮೇಲಿನ ಜನರ ಸಿಟ್ಟು ನಮ್ಮ ಮೇಲೂ ತಿರುಗಿತು. 2025ರ ನವೆಂಬರ್‌ನಲ್ಲಿ ಢಾಕಾದ ನ್ಯಾಯಮಂಡಳಿ ಅವರಿಗೆ ಮರಣದಂಡನೆ ವಿಧಿಸಿದ ಮೇಲೆ ಈ ಗಂಟು ಇನ್ನೂ ಬಿಗಿಯಾಗಿದೆ. ಒಪ್ಪಿಸಿದರೆ ನಂಬಿದವರನ್ನು ಕೈಬಿಟ್ಟರೆಂಬ ಹೆಸರು, ಇಟ್ಟುಕೊಂಡರೆ ಢಾಕಾದ ಯಾವ ಸರ್ಕಾರಕ್ಕೂ ನುಂಗಲಾರದ ತುತ್ತು.

ಇಲ್ಲಿಂದ ಮುಂದೆ

ಮುಂಬಯಿಯ ಗ್ರಾಹಕರಿಗೆ ಅಂಗಿಯ ಬೆಲೆ ತುಸು ಏರಬಹುದು, ಅಷ್ಟೇ. ಚಿತ್ತಗಾಂಗ್‌ನಿಂದ ಬರುವ ಕಂಟೇನರ್ ಸಾಮಾನ್ಯವಾಗಿ ಕೊಲಂಬೊದಲ್ಲಿ ಹಡಗು ಬದಲಿಸುತ್ತದೆ, ದಿನಗಳು ವಾರಗಳಾಗುತ್ತವೆ, ಹಬ್ಬದ ಸರಕು ತರಿಸುವ ವ್ಯಾಪಾರಿ ಮೊದಲೇ ಆರ್ಡರ್ ಕೊಡಬೇಕಾಗುತ್ತದೆ. ಭಾರಿ ಪೆಟ್ಟು ಬೀಳುವುದು ತ್ರಿಪುರ, ಮೇಘಾಲಯದ ಗಡಿ ವ್ಯಾಪಾರಿಗಳಿಗೆ. ಅದೇ ಮೇ ಆದೇಶ ತಡೆದ ಹಣ್ಣಿನ ಪಾನೀಯ, ಬಿಸ್ಕತ್ತು, ಪ್ಲಾಸ್ಟಿಕ್ ಸಾಮಾನು, ಮರದ ಪೀಠೋಪಕರಣ ಅವರಿಗೆ ಹತ್ತಿರದ ಗಡಿಯಿಂದಲೇ ಬರುತ್ತಿದ್ದವು. 2023ರ ನವೆಂಬರ್ 1ರಂದು ಉದ್ಘಾಟನೆಯಾದ ಅಗರ್ತಲಾ–ಅಖೌರಾ ರೈಲು ಮಾರ್ಗವೂ ಅವರ ಪಾಲಿಗೆ ಕಾಗದದಲ್ಲೇ ಉಳಿಯಿತು.

ತೀಸ್ತಾ ದಡದ ಕಾಮಗಾರಿಗೆ ಚೀನಾ ಕೈಹಾಕಲು ಕಾದಿದೆ. ಅದು ಸಿಲಿಗುರಿಗೆ ತೀರಾ ಹತ್ತಿರ. ಬೀಗದ ಒತ್ತಡ ಹೆಚ್ಚಿದಷ್ಟೂ ಢಾಕಾಕ್ಕೆ ಆ ದಿಕ್ಕಿನಲ್ಲಿ ನೋಡಲು ನೆಪ ಸಿಗುತ್ತದೆ.

ನಿಜವಾದ ಪರೀಕ್ಷೆ ಗಂಗೆಯದು. ದೇವೇಗೌಡರು ಸಹಿ ಹಾಕಿದ ಒಪ್ಪಂದಕ್ಕೆ 2026ರ ಡಿಸೆಂಬರ್ 12ಕ್ಕೆ 30 ವರ್ಷ ತುಂಬುತ್ತದೆ. ಇಬ್ಬರೂ ಒಪ್ಪಿದರೆ ಮಾತ್ರ ಮುಂದುವರಿಕೆ. ಅಷ್ಟರೊಳಗೆ ದೆಹಲಿ, ಢಾಕಾ, ಕೋಲ್ಕತ್ತ ಮೂರೂ ಒಂದು ಮೇಜಿಗೆ ಬರಬೇಕು. ಈ ಮೂವತ್ತು ವರ್ಷ, ಸರ್ಕಾರಗಳು ಎಷ್ಟೇ ಜಗಳವಾಡಿದರೂ, ಬೇಸಿಗೆಯ ಐದು ತಿಂಗಳು ಎರಡೂ ದೇಶಗಳ ತಂಡಗಳು ಫರಕ್ಕಾದಲ್ಲೂ ಆಚೆ ಹಾರ್ಡಿಂಜ್ ಸೇತುವೆಯ ಕೆಳಗೂ ಹರಿವು ಅಳೆಯುತ್ತ ಬಂದಿವೆ. ಅಳತೆಯ ಮುಂದಿನ ಋತು ಶುರುವಾಗಬೇಕಾದದ್ದು 2027ರ ಜನವರಿ 1ರಂದು, ಅವಧಿ ಮುಗಿದ ಇಪ್ಪತ್ತನೇ ದಿನಕ್ಕೆ.